ಗುಬ್ಬಿಯ ಕಟಕಟೆಯಿಂದ ದಿಲ್ಲಿಯ ಪೀಠದವರೆಗೆ

(ಚೇಳೂರಿನಲ್ಲಿ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)





ಚೇಳೂರಿಗೆ ಬಂದವರು ಹಲಸಿನ ಮಾತೆತ್ತದೆ ಮರಳುವುದು ಉಚಿತವಲ್ಲ. ಕೆಂಪು ತೊಳೆಯ ಸಿದ್ದು ಹಲಸು ಈ ಹೋಬಳಿಯದೇ ಕೊಡುಗೆ. ಸುಗ್ಗಿಯಲ್ಲಿ ಇಲ್ಲಿನ ವ್ಯಾಪಾರಿ ಹಣ್ಣನ್ನು ತಟ್ಟಿ, ಕಿವಿಗೊಟ್ಟು, ಒಳಗಿನದನ್ನು ಹೊರಗಿನಿಂದಲೇ ಅರಿಯುತ್ತಾನೆ. ಎಳೆಯದಾಗಿ ಕಿತ್ತ ಕಾಯಿ ದಿಲ್ಲಿಯ ಮಾರುಕಟ್ಟೆಗೆ ಹೋದ ಮಾತ್ರಕ್ಕೆ ಸಿಹಿಯಾಗುವುದಿಲ್ಲವೆಂಬುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ನ್ಯಾಯಾಲಯದ ವಿಷಯ ಬಂದಾಗ ಮಾತ್ರ ನಾವು ಈ ವಿವೇಕವನ್ನು ಮರೆಯುತ್ತೇವೆ. ಇಲ್ಲಿ ಕೆಟ್ಟದ್ದು ದಿಲ್ಲಿಯಲ್ಲಿ ಸರಿಹೋದೀತೆಂದು ಕಾಯುತ್ತೇವೆ.

ಇದು ಬರಿಯ ಮಾತಲ್ಲ. ಕೆಲವು ವರ್ಷಗಳ ಹಿಂದೆ ಇದೇ ಜಿಲ್ಲೆಯ ಪಟ್ಟಣವೊಂದರ ಸಹೋದರಿಯೊಬ್ಬರು ನಮ್ಮ ಬಳಿ ಬಂದರು. ತಂದೆ ತೀರಿಕೊಂಡಿದ್ದರು. ಬಿಟ್ಟುಹೋದದ್ದು ಒಂದು ಮನೆ ಮಾತ್ರ. ತಂದೆ ಬದುಕಿರುವಾಗಲೇ ಆ ಮನೆಯನ್ನು ತನಗೆ ಬಾಯಿಮಾತಿನಲ್ಲಿ ಹಿಬಾ ಮಾಡಿದ್ದರೆಂದು ಸಹೋದರ ದಾವೆ ಹೂಡಿದ್ದ. ಸಮನ್ಸ್ ಬಂತು. ಒಡಹುಟ್ಟಿದವನ ವಿರುದ್ಧ ಕಟಕಟೆ ಏರುವುದು ಮನೆತನದ ಮರ್ಯಾದೆಗೆ ತಕ್ಕುದಲ್ಲವೆಂದು ಹಿರಿಯರು ಹೇಳಿದರು. ಆಕೆ ಸಮನ್ಸನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರು. ನ್ಯಾಯಾಲಯವು ಆಕೆಯ ಗೈರುಹಾಜರಿಯಲ್ಲಿ ಏಕಪಕ್ಷೀಯವಾಗಿ ತೀರ್ಪಿತ್ತಿತು. ಆ ಬಳಿಕ ಅದೇ ಹಿರಿಯರಲ್ಲೊಬ್ಬರು, “ಚಿಂತೆ ಬೇಡ, ಸುಪ್ರೀಂ ಕೋರ್ಟ್ ಇದೆಯಲ್ಲ” ಎಂದು ಸಮಾಧಾನ ಹೇಳಿದರಂತೆ. ಆ ಸಮಾಧಾನದ ಬೆಲೆಯೆಷ್ಟು ಎಂಬುದನ್ನು ತಿಳಿಯಬೇಕಾದರೆ ಈ ದೇಶದ ನ್ಯಾಯಾಂಗದ ರಚನೆಯನ್ನು ಸ್ವಲ್ಪ ಅರಿಯಬೇಕಾಗುತ್ತದೆ.

ಭಾರತವು ರಾಜ್ಯಗಳ ಒಕ್ಕೂಟ. ಶಾಸಕಾಂಗ ಎರಡು ಬಗೆ: ಸಂಸತ್ತು ಮತ್ತು ವಿಧಾನಸಭೆ. ಸರಕಾರವೂ ಎರಡು ಬಗೆ. ಹಾಗಾದರೆ ನ್ಯಾಯಾಲಯವೂ ಎರಡು ಬಗೆಯಿರಬೇಕಲ್ಲವೇ? ಅಮೆರಿಕದಲ್ಲಿ ಇರುವುದು ಹಾಗೆಯೇ. ಅಲ್ಲಿ ರಾಜ್ಯಗಳ ನ್ಯಾಯಾಲಯಗಳೇ ಬೇರೆ, ಒಕ್ಕೂಟದ ನ್ಯಾಯಾಲಯಗಳೇ ಬೇರೆ. ಒಕ್ಕೂಟದ್ದೆಂದು 94 ಜಿಲ್ಲಾ ನ್ಯಾಯಾಲಯಗಳು, ಅವುಗಳ ಮೇಲೆ 13 ಮೇಲ್ಮನವಿ ನ್ಯಾಯಾಲಯಗಳು, ಎಲ್ಲಕ್ಕೂ ಮೇಲೆ ಒಂಬತ್ತು ನ್ಯಾಯಾಧೀಶರ ಸುಪ್ರೀಂ ಕೋರ್ಟ್. ಒಂದೇ ಊರಿನಲ್ಲಿ ಎರಡು ಕಟ್ಟಡ, ಎರಡು ಬಾಗಿಲು. ಯಾವ ಬಾಗಿಲು ತಟ್ಟಬೇಕೆಂಬುದೇ ಅಲ್ಲಿನ ವಕೀಲನಿಗೆ ಮೊದಲ ಪ್ರಶ್ನೆ.

ನಮ್ಮ ಸಂವಿಧಾನ ನಿರ್ಮಾತೃಗಳು ಈ ದಾರಿ ಹಿಡಿಯಲಿಲ್ಲ. ಕಾನೂನು ಸಂಸತ್ತಿನದಿರಲಿ, ಕರ್ನಾಟಕದ ಶಾಸನಸಭೆಯದಿರಲಿ, ಅದನ್ನು ಅನ್ವಯಿಸುವ ನ್ಯಾಯಾಲಯ ಒಂದೇ. ಗುಬ್ಬಿಯ ಸಿವಿಲ್ ನ್ಯಾಯಾಧೀಶರ ಮುಂದೆ ಬೆಳಿಗ್ಗೆ ರಾಜ್ಯದ ಕಾನೂನಿನ ವ್ಯಾಜ್ಯ ಬರಬಹುದು, ಮಧ್ಯಾಹ್ನ ಕೇಂದ್ರದ ಕಾನೂನಿನದು ಬರಬಹುದು. ಗುಬ್ಬಿಯ ಮೇಲೆ ತುಮಕೂರಿನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ, ಅದರ ಮೇಲೆ ಬೆಂಗಳೂರಿನ ಹೈಕೋರ್ಟ್, ಅದರ ಮೇಲೆ ದಿಲ್ಲಿ. ಏಣಿ ಒಂದೇ. ಮೆಟ್ಟಿಲುಗಳು ಹಲವು.

ಈ ಏಣಿ ಹಳೆಯದೆಂದು ಭಾವಿಸಬೇಡಿ. ಹಳೆಯ ಮೈಸೂರು ಸಂಸ್ಥಾನದಲ್ಲಿ 1884ರಲ್ಲಿ ಸ್ಥಾಪನೆಯಾದ ಚೀಫ್ ಕೋರ್ಟ್ 1930ರಲ್ಲಿ ಹೈಕೋರ್ಟ್ ಎನಿಸಿಕೊಂಡಿತು. ಅಂದಿನ ಚೇಳೂರಿನವನ ವ್ಯಾಜ್ಯ ಬೆಂಗಳೂರಿನ ಅಠಾರಾ ಕಚೇರಿಯ ಕೆಂಪು ಕಟ್ಟಡವನ್ನು ತಲಪಿತೆಂದರೆ ನ್ಯಾಯಾಲಯಗಳ ಹಾದಿ ಅಲ್ಲಿಗೆ ಮುಗಿಯಿತು. ಅದೇ ಕಾಲದಲ್ಲಿ ಧಾರವಾಡದವನು ಮುಂಬಯಿಗೆ, ಮಂಗಳೂರಿನವನು ಮದರಾಸಿಗೆ, ಕಲಬುರಗಿಯವನು ಹೈದರಾಬಾದಿಗೆ ಹೋಗಬೇಕಿತ್ತು. ಕನ್ನಡಿಗರು ನ್ಯಾಯಕ್ಕಾಗಿ ನಾಲ್ಕು ದಿಕ್ಕಿಗೆ ಮುಖ ಮಾಡಿದ್ದರು. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಆ ದಿಕ್ಕುಗಳೆಲ್ಲ ಒಂದಾದವು. 2008ರಲ್ಲಿ ಧಾರವಾಡ, ಕಲಬುರಗಿಗಳಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಆರಂಭಗೊಂಡು 2013ರಲ್ಲಿ ಕಾಯಂ ಆದವು.

ದಿಲ್ಲಿಯಲ್ಲೂ ಮೊದಲಿದ್ದದ್ದು ಸುಪ್ರೀಂ ಕೋರ್ಟ್ ಅಲ್ಲ. 1935ರ ಕಾಯ್ದೆಯಂತೆ 1937ರ ಅಕ್ಟೋಬರ್ 1ರಂದು ಫೆಡರಲ್ ಕೋರ್ಟ್ ಸ್ಥಾಪನೆಯಾಯಿತು. ಅದರ ಮೊದಲ ಮೂವರು ನ್ಯಾಯಾಧೀಶರಲ್ಲಿ ಸರ್ ಶಾ ಮುಹಮ್ಮದ್ ಸುಲೈಮಾನ್ ಒಬ್ಬರು. ಆದರೆ ಅದರ ಮೇಲೆಯೂ ಲಂಡನ್ನಿನ ಪ್ರಿವಿ ಕೌನ್ಸಿಲ್ ಇತ್ತು. ಗುಲಾಮ ದೇಶದ ಉನ್ನತ ನ್ಯಾಯಾಲಯಕ್ಕೂ ಯಜಮಾನನೊಬ್ಬ ಇರುತ್ತಾನಲ್ಲವೇ? 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದು, ಎರಡು ದಿನಗಳ ಬಳಿಕ ಸುಪ್ರೀಂ ಕೋರ್ಟ್ ಉದ್ಘಾಟನೆಗೊಂಡಿತು. ಅಂದು ಮುಖ್ಯ ನ್ಯಾಯಮೂರ್ತಿ ಸೇರಿ ಎಂಟು ಮಂದಿಗೆ ಅವಕಾಶವಿತ್ತು. 2019ರ ತಿದ್ದುಪಡಿ ಆ ಸಂಖ್ಯೆಯನ್ನು 34ಕ್ಕೆ ಏರಿಸಿತು.

ಇನ್ನು ಅಧಿಕಾರದ ಮಾತು. ಮದ್ರಸದಲ್ಲಿ ಕಲಿತವರಿಗೆ ಫತ್ವಾ ಮತ್ತು ಕಝಾದ ನಡುವಿನ ಅಂತರ ಗೊತ್ತು. ಮುಫ್ತಿ ಅಭಿಪ್ರಾಯ ತಿಳಿಸುತ್ತಾನೆ, ಕಾಝಿ ತೀರ್ಪು ಕೊಡುತ್ತಾನೆ. ಅಭಿಪ್ರಾಯ ಕೇಳಿದವನು ಎದ್ದು ಹೋಗಬಹುದು, ತೀರ್ಪು ಕೇಳಿದವನು ಹಾಗೆ ಹೋಗಲಾರ. ಸಂವಿಧಾನದಲ್ಲಿ ಈ ಎರಡೂ ಇವೆ. 143ನೇ ವಿಧಿಯಂತೆ ರಾಷ್ಟ್ರಪತಿ ಸುಪ್ರೀಂ ಕೋರ್ಟಿನ ಸಲಹೆ ಕೇಳಬಹುದು, ಅದು ಫತ್ವಾದಂತೆ. 141ನೇ ವಿಧಿಯಂತೆ ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೂ ಬದ್ಧ. ದಿಲ್ಲಿಯಲ್ಲಿ ಇಂದು ಸಾರಿದ್ದನ್ನು ಗುಬ್ಬಿಯ ನ್ಯಾಯಾಧೀಶರು ನಾಳೆ ಪಾಲಿಸಲೇಬೇಕು. ಅಂದರೆ ಗುಬ್ಬಿಯ ಪೀಠದಲ್ಲಿ ಕುಳಿತವರು ತಾಲ್ಲೂಕಿನ ಅಧಿಕಾರಿಯಾಗಿ ಮಾತ್ರ ಕುಳಿತಿರುವುದಿಲ್ಲ, ಇಡೀ ದೇಶದ ಕಾನೂನನ್ನು ಕೈಯಲ್ಲಿ ಹಿಡಿದು ಕುಳಿತಿರುತ್ತಾರೆ.

ಅವರ ಮೇಲೆ ಯಾರ ಹಿಡಿತವಿದೆ? ಶಾಸಕರದಲ್ಲ, ಜಿಲ್ಲಾಧಿಕಾರಿಯದೂ ಅಲ್ಲ. 235ನೇ ವಿಧಿ ಕೆಳ ನ್ಯಾಯಾಲಯಗಳ ಮೇಲಿನ ನಿಯಂತ್ರಣವನ್ನು ಹೈಕೋರ್ಟಿಗೆ ಕೊಟ್ಟಿದೆ. ಇದು ಸಣ್ಣ ಮಾತಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಕಂದಾಯ ವಸೂಲು ಮಾಡುವ ಅಮಲ್ದಾರರೇ ಮ್ಯಾಜಿಸ್ಟ್ರೇಟರೂ ಆಗಿರುತ್ತಿದ್ದರು. ಕಾರ್ಯಾಂಗದಿಂದ ನ್ಯಾಯಾಂಗವನ್ನು ಬೇರ್ಪಡಿಸಬೇಕೆಂದು ಸಂವಿಧಾನದ 50ನೇ ವಿಧಿ ಹೇಳಿದ್ದು ಇಂಥ ಅನುಭವದಿಂದಲೇ. ಇಂದಿಗೂ ತಹಶೀಲ್ದಾರರ ನೋಟಿಸನ್ನೂ ನ್ಯಾಯಾಲಯದ ಸಮನ್ಸನ್ನೂ ಒಂದೇ ಎಂದು ಭಾವಿಸುವವರು ನಮ್ಮಲ್ಲಿದ್ದಾರೆ. ಎರಡಕ್ಕೂ ಉತ್ತರಿಸಬೇಕು, ಆದರೆ ಎರಡೂ ಒಂದಲ್ಲ.

ಅಂದ ಹಾಗೆ, ನ್ಯಾಯಾಲಯದ ಭಾಷೆ ನಮಗೆ ಪರಕೀಯವೆಂದು ಅಂಜುವ ಹಿರಿಯರಿಗೆ ಒಂದು ಮಾತು. ದಾವೆ, ವಕೀಲ, ವಕಾಲತ್ತು, ಜಾಮೀನು, ಅಮೀನ, ಅದಾಲತ್ ಇವೆಲ್ಲ ಅರಬಿ ಮೂಲದ ಪದಗಳು. ಮುನ್ಸೀಫ ಎಂದರೆ ಇನ್ಸಾಫ್ ಮಾಡುವವನು. ತಕರಾರು ಎಂಬುದಕ್ಕೆ ಅರಬಿಯಲ್ಲಿ ಪುನರಾವರ್ತನೆ ಎಂದರ್ಥ. ನಮ್ಮ ಕೆಲವು ವ್ಯಾಜ್ಯಗಳನ್ನು ನೋಡಿದರೆ ಮೂಲಾರ್ಥವೇ ಹೆಚ್ಚು ಒಪ್ಪುತ್ತದೆ!

ಮೇಲಿನ ಎರಡು ಮೆಟ್ಟಿಲುಗಳಿಗೆ ರಿಟ್ ಎಂಬ ವಿಶೇಷ ಅಧಿಕಾರವಿದೆ. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ 32ನೇ ವಿಧಿಯಂತೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದು. ಈ ವಿಧಿಯನ್ನು ಸಂವಿಧಾನದ ಆತ್ಮವೆಂದು ಡಾ. ಅಂಬೇಡ್ಕರ್ ಬಣ್ಣಿಸಿದ್ದು ಎಲ್ಲರಿಗೂ ತಿಳಿದಿದೆ. ಆದರೆ ಎಷ್ಟೋ ಜನರಿಗೆ ತಿಳಿಯದ ಸಂಗತಿಯೆಂದರೆ, 226ನೇ ವಿಧಿಯಂತೆ ಹೈಕೋರ್ಟಿಗಿರುವ ರಿಟ್ ಅಧಿಕಾರ ಅದಕ್ಕಿಂತಲೂ ವಿಶಾಲವಾದುದು. ಮೂಲಭೂತ ಹಕ್ಕಿಗೆ ಮಾತ್ರವಲ್ಲ, ಕಾನೂನು ಕೊಟ್ಟ ಇತರ ಹಕ್ಕುಗಳಿಗೂ ಅಲ್ಲಿ ಪರಿಹಾರ ಕೇಳಬಹುದು. ಪುರಸಭೆಯೋ ಪಂಚಾಯತಿಯೋ ಕಾನೂನುಬಾಹಿರವಾಗಿ ನಡೆದರೆ ಚೇಳೂರಿನವನಿಗೆ ಹತ್ತಿರದ ಬಾಗಿಲು ಬೆಂಗಳೂರಿನದು.

ದಿಲ್ಲಿಯ ಬಾಗಿಲು ತಟ್ಟಿ ಇತಿಹಾಸ ಸೃಷ್ಟಿಸಿದವರು ಕನ್ನಡ ನೆಲದಲ್ಲೂ ಇದ್ದಾರೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ 1970ರಲ್ಲಿ ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಾಧೀಶರು 68 ದಿನ ವಿಚಾರಣೆ ನಡೆಸಿ, 1973ರ ಏಪ್ರಿಲ್ 24ರಂದು ಏಳು-ಆರರ ಬಹುಮತದಿಂದ, ಸಂವಿಧಾನದ ಮೂಲ ಸಂರಚನೆಯನ್ನು ಸಂಸತ್ತೂ ಕೆಡಿಸಲಾಗದೆಂದು ತೀರ್ಪಿತ್ತರು. ಒಬ್ಬ ಮಠಾಧಿಪತಿಯ ಅರ್ಜಿ ಇಂದು ದೇಶದ ಅಲ್ಪಸಂಖ್ಯಾತರ ಹಕ್ಕುಗಳಿಗೂ ಕಾವಲಾಗಿ ನಿಂತಿದೆ. 1989ರಲ್ಲಿ ವಜಾಗೊಂಡ ನಮ್ಮ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠ, ಬಹುಮತವನ್ನು ಅಳೆಯಬೇಕಾದ ಜಾಗ ರಾಜಭವನವಲ್ಲ, ಸದನ ಎಂದಿತು. ಜಾತ್ಯತೀತತೆಯೂ ಮೂಲ ಸಂರಚನೆಯ ಭಾಗವೆಂದು ಸಾರಿತು. ಬೊಮ್ಮಾಯಿಯವರ ಸರಕಾರ ಮಾತ್ರ ಮರಳಿ ಬರಲಿಲ್ಲ.

ರಾಜ್ಯ ರಾಜ್ಯಗಳ ನಡುವೆ ಜಗಳವಾದರೆ 131ನೇ ವಿಧಿಯಂತೆ ಸುಪ್ರೀಂ ಕೋರ್ಟೇ ಮೊದಲ ನ್ಯಾಯಾಲಯ. ಬೆಳಗಾವಿಯ ಗಡಿ ಕುರಿತು ಮಹಾರಾಷ್ಟ್ರವು 2004ರಲ್ಲಿ ದಾವೆ ಹೂಡಿದ್ದು ಇದೇ ವಿಧಿಯಂತೆ. ನದಿನೀರಿಗೆ ಮಾತ್ರ ಬೇರೆ ನಿಯಮ. ಅಲ್ಲಿ ನ್ಯಾಯಮಂಡಳಿಯೇ ವಿಚಾರಿಸಬೇಕು. ಆದರೂ ಕಾವೇರಿ ನ್ಯಾಯಮಂಡಳಿಯ 2007ರ ಐತೀರ್ಪಿನ ಮೇಲೆ ಮೇಲ್ಮನವಿ ಆಲಿಸಿದ ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರಂದು ಕರ್ನಾಟಕಕ್ಕೆ 14.75 ಟಿಎಂಸಿ ಅಡಿ ಹೆಚ್ಚು ನೀರು ಕೊಟ್ಟಿತು. ಗುಬ್ಬಿ ಸೀಮೆಗೆ ಬರುವ ಹೇಮಾವತಿ ನಾಲೆಯ ನೀರೂ ಕಾವೇರಿ ಕೊಳ್ಳದ್ದೇ ಎಂಬುದನ್ನು ಇಲ್ಲಿನ ರೈತರಿಗೆ ನೆನಪಿಸಬೇಕಾಗಿಲ್ಲ.

ಹಾಗಂತ ಮೇಲಿನ ಮೆಟ್ಟಿಲು ಎಂದೂ ಎಡವುವುದಿಲ್ಲವೆಂದು ನಾವು ಹೇಳಲಾರೆವು. ತುರ್ತು ಪರಿಸ್ಥಿತಿಯಲ್ಲಿ, ಬಂಧಿತನಿಗೆ ನ್ಯಾಯಾಲಯದ ಬಾಗಿಲು ತೆರೆದೇ ಇದೆಯೆಂದು ಒಂಬತ್ತು ಹೈಕೋರ್ಟುಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ನಾಲ್ಕು-ಒಂದರ ಬಹುಮತದಿಂದ ಆ ಬಾಗಿಲನ್ನು ಮುಚ್ಚಿತು. ಭಿನ್ನಮತ ಬರೆದ ನ್ಯಾ. ಎಚ್.ಆರ್. ಖನ್ನಾ ಅವರಿಗೆ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು. ಅವರನ್ನು ದಾಟಿ ಆ ಸ್ಥಾನಕ್ಕೆ ಬಂದವರು ಬಹುಮತದಲ್ಲಿದ್ದ ನ್ಯಾ. ಎಂ.ಎಚ್. ಬೇಗ್. ನಮ್ಮ ಹೆಸರಿನವರೊಬ್ಬರು ಪೀಠದಲ್ಲಿದ್ದರೆ ಸಾಕೆಂದು ನೆಮ್ಮದಿಪಡುವ ಸಮುದಾಯ ಇದನ್ನು ಮರೆಯಬಾರದು. ಆ ತೀರ್ಪನ್ನು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ತಳ್ಳಿಹಾಕಿದ್ದು 2017ರಲ್ಲಿ, ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ. ಅಂದರೆ ನಲವತ್ತೊಂದು ವರ್ಷಗಳ ಬಳಿಕ. ವಕ್ಫ್ ತಿದ್ದುಪಡಿ ಕಾಯ್ದೆಯ ಕೆಲವು ಅಂಶಗಳಿಗೆ ಅದೇ ನ್ಯಾಯಾಲಯವು 2025ರ ಸೆಪ್ಟೆಂಬರ್ 15ರಂದು ತಡೆ ನೀಡಿತು, ಇಡೀ ಕಾಯ್ದೆಗೆ ನೀಡಲಿಲ್ಲ. ಅಂದು ಕೆಲವರು ವಿಜಯೋತ್ಸವ ಮಾಡಿದರು, ಕೆಲವರು ಎಲ್ಲ ಮುಗಿಯಿತೆಂದರು. ಮಧ್ಯಂತರ ಆದೇಶವೆಂದರೆ ಅಂತಿಮ ತೀರ್ಪಲ್ಲವೆಂಬುದು ಎರಡೂ ಕಡೆಯವರಿಗೆ ಬೇಕಾಗಿರಲಿಲ್ಲ.

ಕುಟುಂಬದ ವಿಷಯಕ್ಕೆ ಬರೋಣ. ಇಲ್ಲಿ ತಾಯಂದಿರು ಹೆಚ್ಚಿದ್ದಾರೆ. ಹೈದರಾಬಾದ್ ಸೀಮೆಯ ಒಂದು ಪ್ರಕರಣವನ್ನು ಕೇಳಿ. ವಿಚ್ಛೇದಿತ ಪತ್ನಿಗೆ ತಿಂಗಳಿಗೆ 20 ಸಾವಿರ ರೂಪಾಯಿ ಮಧ್ಯಂತರ ಜೀವನಾಂಶ ಕೊಡಬೇಕೆಂದು ಕೌಟುಂಬಿಕ ನ್ಯಾಯಾಲಯ ಹೇಳಿತು. ಪತಿ ತೆಲಂಗಾಣ ಹೈಕೋರ್ಟಿಗೆ ಹೋದರು. ಅದು 10 ಸಾವಿರಕ್ಕೆ ಇಳಿಯಿತು. 1986ರ ಮುಸ್ಲಿಂ ಮಹಿಳೆಯರ ಕಾಯ್ದೆ ಇರುವಾಗ ಸಾಮಾನ್ಯ ಕಾನೂನಿನಂತೆ ಜೀವನಾಂಶ ಕೇಳುವಂತಿಲ್ಲವೆಂದು ವಾದಿಸಿ ಅವರು ದಿಲ್ಲಿಗೂ ಹೋದರು. 2024ರ ಜುಲೈ 10ರಂದು ನ್ಯಾ. ಬಿ.ವಿ. ನಾಗರತ್ನ ಮತ್ತು ನ್ಯಾ. ಅಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ ಆ ಮೇಲ್ಮನವಿಯನ್ನು ವಜಾಗೊಳಿಸಿತು. ನಾಗರತ್ನ ಅವರು ನಮ್ಮ ಕರ್ನಾಟಕ ಹೈಕೋರ್ಟಿನಿಂದಲೇ ಹೋದವರು. ಈ ತೀರ್ಪನ್ನು ಒಪ್ಪುವವರೂ ಒಪ್ಪದವರೂ ಸಮುದಾಯದಲ್ಲಿದ್ದಾರೆ. ಆದರೆ ಚರ್ಚೆಯ ಗದ್ದಲದಲ್ಲಿ ಒಂದು ಅಂಶ ಕಳೆದುಹೋಯಿತು. ದೇಶಕ್ಕೆಲ್ಲ ಅನ್ವಯಿಸುವ ಆ ತೀರ್ಪು ಹುಟ್ಟಿದ್ದು ಒಬ್ಬ ಹೆಣ್ಣುಮಗಳು ತನ್ನೂರಿನ ಸಮೀಪದ ನ್ಯಾಯಾಲಯಕ್ಕೆ ಸಲ್ಲಿಸಿದ ಒಂದು ಅರ್ಜಿಯಿಂದ. ಹಳೆಯ ದಂಡಪ್ರಕ್ರಿಯಾ ಸಂಹಿತೆಯ 125ನೇ ಕಲಮು 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಸಂಖ್ಯೆ ಬದಲಾಗಿದೆ, ಬಾಗಿಲು ಅದೇ.

ಹಾಗಾದರೆ ಜಮಾಅತಿನ ಹಿರಿಯರ, ದಾರುಲ್ ಕಝಾದ ಸ್ಥಾನವೇನು? 2014ರ ಜುಲೈ 7ರಂದು ವಿಶ್ವ ಲೋಚನ್ ಮದನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಅವು ಇರುವುದು ಕಾನೂನುಬಾಹಿರವಲ್ಲ, ಆದರೆ ಅವುಗಳ ತೀರ್ಮಾನಕ್ಕೆ ಕಾನೂನಿನ ಬಲವಿಲ್ಲ. ಒಲ್ಲದವರ ಮೇಲೆ ಅದನ್ನು ಹೇರುವಂತಿಲ್ಲ. ಇದರಿಂದ ನಮಗೆ ಅವಮಾನವಾಯಿತೆಂದು ಕೆಲವರು ಬರೆದರು. ನಾವು ಹಾಗೆ ಭಾವಿಸುವುದಿಲ್ಲ. ಮಧ್ಯಸ್ಥಿಕೆಯಿಂದ ಮನೆಯೊಂದು ಉಳಿಯುವುದಾದರೆ ಅದಕ್ಕಿಂತ ಒಳ್ಳೆಯದೇನಿದೆ? ಆದರೆ ಮಧ್ಯಸ್ಥಿಕೆ ಮಾಡುವವರು, “ಕೋರ್ಟಿಗೆ ಹೋಗಬೇಡ” ಎಂದು ಹೆಣ್ಣುಮಗಳ ಬಾಯಿ ಮುಚ್ಚಿಸಿದರೆ ಅದು ಇಸ್ಲಾಹ್ ಅಲ್ಲ, ಅನ್ಯಾಯಕ್ಕೆ ಕಾವಲು.

ಈಗ ಆ ಸಹೋದರಿಯ ಮನೆಗೆ ಮರಳೋಣ. ಬಾಯಿಮಾತಿನ ಹಿಬಾವನ್ನು ನಮ್ಮ ವೈಯಕ್ತಿಕ ಕಾನೂನು ಒಪ್ಪುತ್ತದೆ, ನಿಜ. ಆದರೆ ಅದಕ್ಕೆ ಮೂರು ಶರತ್ತುಗಳಿವೆ: ಕೊಡುವವನ ಘೋಷಣೆ, ಪಡೆಯುವವನ ಸ್ವೀಕಾರ, ಸ್ವಾಧೀನದ ಹಸ್ತಾಂತರ. ತಂದೆ ಕೊನೆಯವರೆಗೂ ಅದೇ ಮನೆಯಲ್ಲಿದ್ದರು. ಕಂದಾಯ ಅವರ ಹೆಸರಿನಲ್ಲೇ ಇತ್ತು, ಬಾಡಿಗೆಯನ್ನು ಅವರೇ ಪಡೆಯುತ್ತಿದ್ದರು. ಹಾಗಿದ್ದ ಮೇಲೆ ಸ್ವಾಧೀನ ಹಸ್ತಾಂತರವಾಗಿತ್ತೇ? ಪ್ರಬಲವಾದ ಪ್ರಶ್ನೆ. ಆದರೆ ಇದನ್ನು ಕೇಳಬೇಕಾದ ಜಾಗ ಮೊದಲ ಮೆಟ್ಟಿಲು. ಸಾಕ್ಷಿಗಳನ್ನು ಕಣ್ಣಾರೆ ಕಾಣುವುದು, ಅವರಿಗೆ ಪಾಟೀಸವಾಲು ಹಾಕುವುದು, ರಸೀದಿಯನ್ನು ಕೈಯಲ್ಲಿ ಹಿಡಿದು ನೋಡುವುದು ಅಲ್ಲಿ ಮಾತ್ರ. ಮೊದಲ ಮೇಲ್ಮನವಿಯಲ್ಲಿ ಸಂಗತಿಗಳನ್ನು ಮತ್ತೆ ಪರಿಶೀಲಿಸಬಹುದು, ಅದೂ ಕಡತದಲ್ಲಿರುವಷ್ಟನ್ನು. ಎರಡನೇ ಮೇಲ್ಮನವಿಯಲ್ಲಿ ಹೈಕೋರ್ಟ್ ಕೇಳುವುದು ಕಾನೂನಿನ ಮಹತ್ವದ ಪ್ರಶ್ನೆಯಿದೆಯೇ ಎಂದು ಮಾತ್ರ. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮು ಹೇಳುವುದು ಇದನ್ನೇ. ಇನ್ನು 136ನೇ ವಿಧಿಯಂತೆ ಸುಪ್ರೀಂ ಕೋರ್ಟಿಗೆ ಸಲ್ಲಿಸುವ ವಿಶೇಷ ಅನುಮತಿ ಅರ್ಜಿ ಹಕ್ಕಲ್ಲ, ವಿನಂತಿ. ಒಂದು ಸಾಲಿನಲ್ಲಿ ಅದನ್ನು ವಜಾಗೊಳಿಸಬಹುದು. ದಿಲ್ಲಿಯ ಪೀಠ ಎಷ್ಟೇ ಬಲಶಾಲಿಯಾಗಿರಲಿ, ಗುಬ್ಬಿಯಲ್ಲಿ ಹಾಜರುಪಡಿಸದ ಕಂದಾಯ ರಸೀದಿಯನ್ನು ತಾನಾಗಿ ಹುಡುಕಿ ತರುವುದಿಲ್ಲ.

ದಿನಗಳ ಲೆಕ್ಕವೂ ಇದೆ. ಸಮನ್ಸ್ ಸಿಕ್ಕ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣ ತೋರಿಸಿದರೆ 90 ದಿನಗಳವರೆಗೆ ಅವಕಾಶ ಸಿಗಬಹುದು. ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಲು ಕೋರುವುದಕ್ಕೆ ಇರುವ ಅವಧಿ ಬರಿಯ 30 ದಿನ. ಮೀರಿದರೆ ಪ್ರತಿಯೊಂದು ದಿನದ ವಿಳಂಬಕ್ಕೂ ಸಮರ್ಥನೆ ಬೇಕು. “ಹಿರಿಯರು ಬೇಡವೆಂದರು” ಎಂಬುದನ್ನು ಯಾವ ನ್ಯಾಯಾಧೀಶರು ಸಮರ್ಥನೆಯೆಂದು ಪರಿಗಣಿಸಿಯಾರು?

ಹಣವಿಲ್ಲವೆಂಬ ಮಾತು ಬರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಲು ಅರ್ಹರು. ಇತರರಿಗೆ ಆದಾಯದ ಮಿತಿಯಿದೆ. ತಾಲ್ಲೂಕು ಮಟ್ಟದಲ್ಲೂ ಸಮಿತಿಯಿರುತ್ತದೆ, ಅಲ್ಲಿನ ಹಿರಿಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. 15100 ಸಂಖ್ಯೆಗೆ ಕರೆ ಮಾಡಿದರೂ ಮಾಹಿತಿ ದೊರೆಯುತ್ತದೆ. ಲೋಕ ಅದಾಲತ್ ಒಳ್ಳೆಯದೇ, ಶುಲ್ಕವೂ ಇಲ್ಲ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ ರಾಜಿಯ ಮೇಲೆ ಮೇಲ್ಮನವಿಯಿಲ್ಲ. ಓದಿಸಿಕೊಂಡು ಸಹಿ ಹಾಕಿ.

ದೋಷಗಳಿಲ್ಲವೇ? ದಂಡಿಯಾಗಿವೆ. ದೇಶದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ನಾಲ್ಕು ಕೋಟಿಗೂ ಹೆಚ್ಚು ಪ್ರಕರಣಗಳು ಬಾಕಿಯಿವೆ. ವಾಯಿದೆಯ ಮೇಲೆ ವಾಯಿದೆ ಬೀಳುತ್ತದೆ. ಒಂದು ದಿನದ ಕೂಲಿ ಬಿಟ್ಟು ಹೋದವನಿಗೆ, “ಮುಂದಿನ ತಿಂಗಳು ಬಾ” ಎಂಬ ಉತ್ತರ ಸಿಗುತ್ತದೆ. ನ್ಯಾಯಾಧೀಶರ ನೇಮಕವನ್ನು ಯಾರು ಮಾಡಬೇಕೆಂದು ಸರಕಾರಕ್ಕೂ ಕೊಲಿಜಿಯಂಗೂ ನಡೆಯುವ ಹಗ್ಗಜಗ್ಗಾಟ 2015ರಲ್ಲಿ ನೇಮಕಾತಿ ಆಯೋಗದ ಕಾನೂನು ರದ್ದಾದ ಮೇಲೂ ನಿಂತಿಲ್ಲ. ಆ ಜಗಳದ ಬಗ್ಗೆ ನಮ್ಮ ಯುವಕರಿಗೆ ಬಹಳ ಅಭಿಪ್ರಾಯಗಳಿವೆ. ಕಾನೂನು ಕಾಲೇಜಿನ ಅರ್ಜಿ ನಮೂನೆಯ ಬಗ್ಗೆ ಅಷ್ಟಿಲ್ಲ.

ಫಾತಿಮಾ ಬೀವಿಯವರನ್ನು ನೆನೆಯುವುದು ಇಲ್ಲಿ ಸಂಗತ. ಕೇರಳದ ಪತ್ತನಂತಿಟ್ಟದ ಈ ಮಹಿಳೆ 1950ರಲ್ಲಿ ವಕೀಲೆಯಾಗಿ ಹೆಸರು ನೋಂದಾಯಿಸಿದರು. 1958ರಲ್ಲಿ ಮುನ್ಸೀಫರಾದರು, ಅಂದರೆ ನಮ್ಮ ಗುಬ್ಬಿಯಂಥ ನ್ಯಾಯಾಲಯದ ಪೀಠ. 1974ರಲ್ಲಿ ಜಿಲ್ಲಾ ನ್ಯಾಯಾಧೀಶೆ, 1983ರಲ್ಲಿ ಹೈಕೋರ್ಟ್, 1989ರಲ್ಲಿ ಸುಪ್ರೀಂ ಕೋರ್ಟಿನ ಪ್ರಥಮ ಮಹಿಳಾ ನ್ಯಾಯಮೂರ್ತಿ. ಏಣಿಯ ಒಂದು ಮೆಟ್ಟಿಲನ್ನೂ ಹಾರದೆ ಅವರು ಏರಿದರು. ನಮ್ಮ ಮೂಡುಬಿದಿರೆ ಸಮೀಪದ ಬೆಳುವಾಯಿಯ ಎಸ್. ಅಬ್ದುಲ್ ನಝೀರ್ ಅವರು 2003ರಲ್ಲಿ ಕರ್ನಾಟಕ ಹೈಕೋರ್ಟಿನ ಪೀಠವೇರಿ, 2017ರಲ್ಲಿ ಸುಪ್ರೀಂ ಕೋರ್ಟ್ ತಲಪಿದರು. ಅವರ ತೀರ್ಪುಗಳ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ, ಇರಲಿ. ಕರಾವಳಿಯ ಒಂದು ಹಳ್ಳಿಗೆ ಇದು ಅಸಾಧ್ಯವಾಗಲಿಲ್ಲವೆಂಬುದನ್ನಷ್ಟೇ ನಾವು ಹೇಳುತ್ತಿದ್ದೇವೆ. ಈ ಸಭೆಯಲ್ಲಿ ಪಿಯುಸಿ ಮುಗಿಸಿದ ಹೆಣ್ಣುಮಕ್ಕಳಿದ್ದರೆ ಅವರ ತಂದೆಯಂದಿರು ಇಂದು ರಾತ್ರಿ ಇದರ ಬಗ್ಗೆ ಮನೆಯಲ್ಲಿ ಮಾತಾಡಲಿ.

ಆ ಸಹೋದರಿ ಕೊನೆಗೆ ಉಚಿತ ಕಾನೂನು ನೆರವಿನ ವಕೀಲರೊಬ್ಬರ ಮೂಲಕ, ವಿಳಂಬ ಮನ್ನಿಸಬೇಕೆಂದು ಕೋರಿ, ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಲು ಅರ್ಜಿ ಸಲ್ಲಿಸಿದರು. ತಂದೆಯ ಹೆಸರಿನ ಕಂದಾಯ ರಸೀದಿಗಳು ಸಮನ್ಸ್ ಇದ್ದ ಅದೇ ಪೆಟ್ಟಿಗೆಯ ತಳದಲ್ಲಿ ಸಿಕ್ಕವು. ಅವುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪ್ರತಿ ವಾಯಿದೆಗೂ ಕೊಂಡೊಯ್ಯುತ್ತಾರೆ. ಅರ್ಜಿ ಇನ್ನೂ ತೀರ್ಮಾನವಾಗಿಲ್ಲ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಾಗೆ ಮಡಚಿಟ್ಟ ಸಮನ್ಸ್ ಇದ್ದರೆ, ಸಭೆ ಮುಗಿದ ಬಳಿಕ ತಂದು ತೋರಿಸಿ. ವಕೀಲ ಮಿತ್ರರಿಬ್ಬರು ನಮ್ಮ ಜೊತೆ ಬಂದಿದ್ದಾರೆ, ಮಗ್ರಿಬ್‌ವರೆಗೆ ಇಲ್ಲೇ ಇರುತ್ತಾರೆ.